ಬೊತೀಹೊಗಿಂತ ಸರಳ

ಸ್ಪೇನಿನಲ್ಲಿ ಒಬ್ಬನನ್ನು ಶುದ್ಧ ಪೆದ್ದನೆಂದು ಹೇಳಬೇಕಾದರೆ, ಆತ ಬೊತೀಹೊದ ಯಂತ್ರಕ್ಕಿಂತಲೂ ಸರಳ ಎನ್ನುತ್ತಾರೆ. ಬೊತೀಹೊ ಎಂದರೆ ನೀರನ್ನು ತಂಪಾಗಿಡುವ ಮಣ್ಣಿನ ಹೂಜಿ. ಅದರಲ್ಲಿ ತಿರುಗುವ ಚಕ್ರವಿಲ್ಲ, ಒತ್ತುವ ಗುಂಡಿಯಿಲ್ಲ, ಕೆಟ್ಟುಹೋಗುವ ಭಾಗವೂ ಇಲ್ಲ. ಯಂತ್ರವೇ ಇಲ್ಲದ ವಸ್ತುವಿನ ಯಂತ್ರಕ್ಕಿಂತ ಸರಳ ಎಂದಮೇಲೆ ಆ ಬಡಪಾಯಿಯ ತಲೆಯಲ್ಲಿ ಉಳಿಯುವುದೇನು ಎಂಬುದು ಈ ಮಾತಿನ ಕುಹಕ. ನಾನು ಇದನ್ನು ಮೊದಲ ಬಾರಿ ಕೇಳಿದ್ದು ಕೊರ್ದೋಬಾ ಪ್ರಾಂತ್ಯದ ಒಂದು ಊರಿನಲ್ಲಿ, ಜುಲೈ ತಿಂಗಳ ನಡುಮಧ್ಯಾಹ್ನ, ನನ್ನ ಕುರಿತಾಗಿಯೇ.

ಹೊರಗೆ 40 ಡಿಗ್ರಿ ದಾಟಿದ ಬಿಸಿಲು. ನಾನು ಉಳಿದುಕೊಂಡಿದ್ದ ಮನೆಯ ಅಜ್ಜಿ ಬೆಳಿಗ್ಗೆಯೇ ಕಿಟಕಿಗಳ ಪಟ್ಟಿಪರದೆಗಳನ್ನು ಕೆಳತನಕ ಇಳಿಸಿ ಮನೆಗೆ ಕತ್ತಲು ಕವಿಸಿದ್ದರು. ಒಳಗಿನ ಅಂಗಳಕ್ಕೆ ಹೋಗುವ ಓಣಿಯಂಥ ಜಾಗದಲ್ಲಿ, ಗಾಳಿ ಸ್ವಲ್ಪ ಆಡುವ ಕಡೆ, ಒಂದು ತಟ್ಟೆಯ ಮೇಲೆ ಬೊತೀಹೊ ಕುಳಿತಿತ್ತು: ಬಿಳಿಚಿದ ಮಣ್ಣಿನ ಗುಂಡು ಹೊಟ್ಟೆ, ನೆತ್ತಿಯ ಮೇಲೆ ಬಳೆಯಂಥ ಹಿಡಿ, ಹಿಡಿಯ ಒಂದು ಬದಿಗೆ ನೀರು ತುಂಬುವ ಅಗಲ ಬಾಯಿ, ಇನ್ನೊಂದು ಬದಿಗೆ ನಮ್ಮ ಗಿಂಡಿಗಿರುವಂಥ ಸಣ್ಣ ಮೂತಿ. ನೊಣ ಬೀಳದಿರಲೆಂದು ಅಗಲ ಬಾಯಿಗೆ ಕೈಯಿಂದ ಹೆಣೆದ ಕ್ರೋಶಾ ಟೊಪ್ಪಿಗೆ ತೊಡಿಸಿದ್ದರು. ಮೈಯೆಲ್ಲ ತೇವವಾಗಿತ್ತು, ಬೆರಳಿನಿಂದ ಗೆರೆ ಎಳೆದರೆ ಗೆರೆ ಮೂಡಿ ಮೆಲ್ಲಗೆ ಮಾಯವಾಗುತ್ತಿತ್ತು.

ಚೊಂಬನ್ನು ಎತ್ತಿ ಕುಡಿದು ಬೆಳೆದ ನನಗೆ ಇದೇನು ಮಹಾ ಎಂದುಕೊಂಡು ಹೂಜಿಯನ್ನು ಎತ್ತಿದೆ. ಚೊಂಬಿನ ನೀರು ನೇರವಾಗಿ, ಹೇಳಿದ ಮಾತು ಕೇಳುವ ಮಗುವಿನಂತೆ ಬಾಯಿಗೆ ಇಳಿಯುತ್ತದೆ. ಬೊತೀಹೊದ ನೀರಾದರೋ ದಾರದಷ್ಟು ಸಣ್ಣ ಧಾರೆಯಾಗಿ, ಬಿಲ್ಲಿನಂತೆ ಬಾಗಿ, ನಾವು ಎಣಿಸಿದ್ದಕ್ಕಿಂತ ಒಂದು ಗೇಣು ಆಚೆ ಬೀಳುತ್ತದೆ. ಅದನ್ನು ಹಿಡಿಯಲು ಕತ್ತು ಹಿಂದಕ್ಕೆ ಚಾಚಿ, ಬಾಯಿ ಮುಚ್ಚದೆಯೇ ನುಂಗಬೇಕು. ಅಭ್ಯಾಸಬಲದಿಂದ ನಾನು ಬಾಯಿ ಮುಚ್ಚಿ ನುಂಗಿದೆ. ಮೊದಲು ಮೂಗು, ಆಮೇಲೆ ಗಲ್ಲ, ಕೊನೆಗೆ ಅಂಗಿ ನೆನೆದವು. ಹೂಜಿಯನ್ನು ಇಳಿಸಿ, ನಾಚಿಕೆ ಬಿಟ್ಟು, ಮೂತಿಗೇ ತುಟಿ ಹಚ್ಚಲು ಹೋದಾಗ ಅಜ್ಜಿ "ಬೇಡ ಮಗನೇ, ಬೇಡ!" ಎಂದು ಕೂಗಿಕೊಂಡರು. ಪಕ್ಕದಲ್ಲಿದ್ದ ಮೊಮ್ಮಗ ಆ ಗಾದೆಯಂಥ ಮಾತನ್ನು ಗೊಣಗಿದ್ದು ಆಗಲೇ.

ಎಂಜಲಿನ ವಿಚಾರ ಆ ಜನಕ್ಕೆ ನಮ್ಮಷ್ಟು ಬಿಗಿಯಾದುದಲ್ಲ. ಮಧ್ಯದಲ್ಲಿಟ್ಟ ಒಂದೇ ತಟ್ಟೆಗೆ ನಾಲ್ಕು ಫೋರ್ಕುಗಳು ಇಳಿಯುವುದು, ಒಂದೇ ಬಾಣಲೆಯ ಪಾಯೆಯಾ ಎಂಬ ಅನ್ನದ ಅಡುಗೆಯನ್ನು ಸುತ್ತ ಕುಳಿತು ಚಮಚಗಳಿಂದ ತಿನ್ನುವುದು ಅಲ್ಲಿ ತೀರ ಸಾಮಾನ್ಯ. ಆದರೂ ಬೊತೀಹೊದ ಮೂತಿಗೆ ತುಟಿ ಸೋಕಿಸುವುದು ಮಾತ್ರ ಅನಾಗರಿಕತನ. ಗೋಧಿ ಕೊಯ್ಲಿನ ಹೊಲದಲ್ಲಿ ಹತ್ತು ಆಳುಗಳಿಗೆ ಒಂದೇ ಹೂಜಿ ಇದ್ದ ಕಾಲದ ಶಿಸ್ತು, ಹೊಲ ಹೋದರೂ ಮನೆಯೊಳಗೆ ಉಳಿದುಕೊಂಡಿದೆ ಎಂದು ನನಗನ್ನಿಸುತ್ತದೆ.

ಇನ್ನು ಅದರ ಸರಳತೆಯ ಮಾತು. ಸರಿಯಾಗಿ ಬೆಂದ, ಆದರೆ ಮೆರುಗು ಹಚ್ಚದ ಮಣ್ಣಿನ ಸಣ್ಣ ರಂಧ್ರಗಳಲ್ಲಿ ನೀರು ಒಸರಿ ಹೊರಮೈಗೆ ಬರುತ್ತದೆ. ಒಣಗಾಳಿಗೆ ಆವಿಯಾಗುವಾಗ ಅದಕ್ಕೆ ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕು. ಹೊರಗಿನಿಂದ ಶಾಖ ಒಳಬರುವುದನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಮೂರು ಲೀಟರ್ ನೀರು ಹತ್ತು ಡಿಗ್ರಿ ತಂಪಾಗಲು ನಾಲ್ಕು ದೊಡ್ಡ ಚಮಚದಷ್ಟು ನೀರು ಗಾಳಿಗೆ ಹೋದರೆ ಸಾಕು. ಆದರೆ ಹೊರಗಿನ ಶಾಖ ಸುಮ್ಮನಿರುವುದಿಲ್ಲವಲ್ಲ. ಗಾಳಿಯ ತೇವ, ಹೂಜಿಯ ಮೈವಿಸ್ತಾರ, ಕ್ಷಣಕ್ಷಣಕ್ಕೂ ಇಳಿಯುವ ನೀರಿನ ಮಟ್ಟ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮಾದ್ರಿದಿನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಗಾಬ್ರಿಯೆಲ್ ಪಿಂತೊ ಮತ್ತು ಹೋಸೆ ಇಗ್ನಾಸಿಯೊ ಸುಬಿಸರ್ರೆತಾ ಎಂಬಿಬ್ಬರು ಇದನ್ನೆಲ್ಲ ಹಿಡಿದಿಡಲು 1995ರಲ್ಲಿ ಅವಕಲ ಸಮೀಕರಣಗಳನ್ನೇ ಬರೆದು ಪ್ರಕಟಿಸಬೇಕಾಯಿತು. ಆ ಸಮೀಕರಣಗಳನ್ನು ನೋಡಿದ ಮೇಲೆ, ಮೊಮ್ಮಗ ಅಂದು ನನ್ನನ್ನು ಹೊಗಳಿದನೆಂದೇ ತಿಳಿದುಕೊಂಡಿದ್ದೇನೆ.

ಕುಂಬಾರರಿಗೆ ಸಮೀಕರಣ ಬೇಕಾಗಿರಲಿಲ್ಲ. ಅಲಿಕಾಂತೆ ಪ್ರಾಂತ್ಯದ ಅಗೋಸ್ತಿನವರು ಮಣ್ಣಿಗೆ ಉಪ್ಪು ಬೆರೆಸಿ ಹೂಜಿಯನ್ನು ಬೆಳ್ಳಗಾಗಿಸುತ್ತಾರೆ, ಹೆಚ್ಚು ಬೆವರುವಂತೆಯೂ ಮಾಡುತ್ತಾರೆ. ಹೊಸ ಹೂಜಿಯನ್ನು ಪಳಗಿಸುವ ಕೆಲಸ ಮನೆಯವರದು: ನೀರಿಗೆ ಒಂದಿಷ್ಟು ಸೋಂಪಿನ ಮದ್ಯ ಬೆರೆಸಿ ತುಂಬಿ, ಕೆಲವು ದಿನ ಬಿಟ್ಟು ಚೆಲ್ಲುತ್ತಾರೆ, ಮಣ್ಣಿನ ರುಚಿ ಹೋಗುತ್ತದೆ. ಅಜ್ಜಿಯ ಹೂಜಿಯ ನೀರಿನಲ್ಲಿ ಸೋಂಪಿನ ಕಂಪು ಇನ್ನೂ ಇತ್ತೋ, ಅಥವಾ ಅವರು ಹೇಳಿದ್ದರಿಂದ ನನಗೆ ಹಾಗನ್ನಿಸಿತೋ, ಈಗ ಹೇಳಲಾರೆ.

ಇಷ್ಟು ಸರಳವಾದ ವಸ್ತುವಿಗೆ ಹೆಸರುಗಳು ಮಾತ್ರ ಒಂದೆರಡಲ್ಲ. ಎಸ್ತ್ರೆಮದೂರಾದಲ್ಲಿ ಪಿಪೋರ್ರೊ, ಕತಲಾನ್ ನುಡಿಯಲ್ಲಿ ಕಾಂತಿರ್, ಆಂದಲೂಸಿಯಾದ ಹಲವೆಡೆ ಬೂಕಾರೊ. ಈ ಬೂಕಾರೊ ಎಂಬ ಪದಕ್ಕೆ ದೊಡ್ಡ ಮನೆತನದ ಹಿನ್ನೆಲೆಯಿದೆ. ಹದಿನೇಳನೆಯ ಶತಮಾನದಲ್ಲಿ ಅದು ಸುವಾಸನೆಯ ಕೆಂಪು ಮಣ್ಣಿನ ಕುಡಿಕೆಯ ಹೆಸರು. ಮೆಕ್ಸಿಕೋದ ಗ್ವಾದಲಹಾರದ ಬಳಿಯ ತೊನಲಾದಿಂದ ಅವು ಹಡಗೇರಿ ಸ್ಪೇನಿಗೆ ಬರುತ್ತಿದ್ದವು. ವೆಲಾಸ್ಕೆಸ್ 1656ರಲ್ಲಿ ಬರೆದ, ಈಗ ಪ್ರಾದೊ ಸಂಗ್ರಹಾಲಯದಲ್ಲಿರುವ ‘ಲಾಸ್ ಮೆನೀನಾಸ್’ ಚಿತ್ರದಲ್ಲಿ ಪುಟ್ಟ ರಾಜಕುಮಾರಿ ಮಾರ್ಗರೀತಾಳ ಮುಂದೆ ಮಂಡಿಯೂರಿದ ಸಖಿ ಬೆಳ್ಳಿತಟ್ಟೆಯಲ್ಲಿ ನೀಡುತ್ತಿರುವುದು ಅಂಥದೇ ಒಂದು ಕೆಂಪು ಕುಡಿಕೆಯನ್ನು. ಅರಮನೆಯ ಹೆಂಗಸರು ಅದರ ನೀರು ಕುಡಿದು ಸುಮ್ಮನಾಗದೆ, ಕುಡಿಕೆಯನ್ನೇ ಚೂರು ಮುರಿದು ತಿನ್ನುತ್ತಿದ್ದರು. ಮುಖಕ್ಕೆ ಬಿಳುಪು ಬರುತ್ತದೆಂಬ ನಂಬಿಕೆ ಒಂದು ಕಾರಣ. ಬಸುರಿಯರು ಕದ್ದು ಮಣ್ಣು ಮೆಲ್ಲುವುದನ್ನು ಕಂಡ ನಮ್ಮವರಿಗೆ ಇದು ಅಷ್ಟೇನೂ ವಿಚಿತ್ರವಾಗಿ ತೋರದು.

ಅಜ್ಜಿಯ ಅಡುಗೆಮನೆಯಲ್ಲಿ ಆಳೆತ್ತರದ ಫ್ರಿಜ್ ಇತ್ತು. ಹೀಗಿದ್ದೂ ಬೊತೀಹೊ ಏಕೆಂದು ಕೇಳಿದ್ದಕ್ಕೆ, ಫ್ರಿಜ್ಜಿನದು ‘ಫ್ರೀಯಾ’, ಬೊತೀಹೊದ್ದು ‘ಫ್ರೆಸ್ಕಾ’ ಎಂದರು. ಅಲ್ಲಿನ ಭಾಷೆ ಕಲಿಯುತ್ತಿದ್ದ ನನಗೆ ನಿಘಂಟು ಇವೆರಡರ ನಡುವಿನ ಗೆರೆಯನ್ನು ಇಷ್ಟು ಚೆನ್ನಾಗಿ ತೋರಿಸಿರಲಿಲ್ಲ. ಒಂದು ಹಲ್ಲು ಜುಮ್ಮೆನ್ನಿಸುವ ಕೊರೆತ. ಇನ್ನೊಂದು ಗಂಟಲಿನಿಂದ ಎದೆಗೆ ಇಳಿಯುವ ತಂಪು. ಅಂಗಿ ನೆನೆದರೂ ಸರಿ, ಅಂದಿನಿಂದ ಬೊತೀಹೊವನ್ನೇ ಹಿಡಿದೆ.

ಹೊರಡುವ ದಿನ ಒಂದು ಹನಿಯೂ ಚೆಲ್ಲದಂತೆ, ಉದ್ದ ಧಾರೆಯಲ್ಲಿ, ಬಾಯಿ ಮುಚ್ಚದೆ ಕುಡಿದು, ಶಹಬ್ಬಾಸ್‌ಗಿರಿಗಾಗಿ ಅಜ್ಜಿಯತ್ತ ತಿರುಗಿದೆ. ಅವರು ಹೂಜಿಯನ್ನು ಹಿಡಿಯಿಂದ ಎತ್ತಿ ಕೈಯಲ್ಲೇ ತೂಗಿ ನೋಡಿದರು. "ಅರ್ಧಕ್ಕೆ ಇಳಿದಿದೆ ಮಗನೇ, ಇನ್ನು ಬೆಚ್ಚಗಾಗುತ್ತದೆ" ಎಂದು ಕ್ರೋಶಾ ಟೊಪ್ಪಿಗೆಯನ್ನು ತೆಗೆದು, ಹೂಜಿಯನ್ನು ನನ್ನ ಕೈಗೆ ಕೊಟ್ಟು, ನಲ್ಲಿಯ ಕಡೆ ಗಲ್ಲ ಚಾಚಿದರು.