ಯಂತ್ರಕ್ಕೆ ಫಲಕವಿದೆ, ಬೆನ್ನಿಗೆ ಇಲ್ಲ

ಗೋದಾಮಿನಲ್ಲಿ ಸರಕು ಎತ್ತಿಡುವ ಗಾಡಿ, ಅಂದರೆ ಫೋರ್ಕ್‌ಲಿಫ್ಟ್ ಓಡಿಸುವವರ ಕಣ್ಣಿಗೆ ಬೀಳುವಂತೆ ಒಂದು ಲೋಹದ ಫಲಕ ಇರುತ್ತದೆ. ಯಾವ ಎತ್ತರಕ್ಕೆ ಎಷ್ಟು ಭಾರ, ಭಾರದ ಕೇಂದ್ರ ಎಷ್ಟು ದೂರದಲ್ಲಿರಬಹುದು ಎಂಬುದು ಅದರಲ್ಲಿದೆ. ಸರಕು ಮುಂದಕ್ಕೆ ಚಾಚಿದಷ್ಟೂ ಯಂತ್ರ ಎತ್ತಬಲ್ಲ ತೂಕ ಇಳಿಯುತ್ತದೆ. ಮಿತಿ ಮೀರಿದರೆ ಹಿಂದಿನ ಚಕ್ರ ನೆಲ ಬಿಡುತ್ತದೆ. ಗೋದಾಮಿನಲ್ಲಿ ನಾನು ದುಡಿದ ಅಷ್ಟೂ ದಿನ ಆ ಫಲಕವನ್ನು ಕಡೆಗಣಿಸಿದ ಒಬ್ಬ ಮೇಲ್ವಿಚಾರಕರನ್ನೂ ಕಾಣಲಿಲ್ಲ.

ಅದೇ ಗೋದಾಮಿನಲ್ಲಿ, ರ‍್ಯಾಕಿನ ಕೆಳಹಂತದ ಪ್ಯಾಲೆಟ್‌ನ (ಸರಕು ಪೇರಿಸುವ ಹಲಗೆಯ) ಆಚೆ ತುದಿಯಲ್ಲಿ ಉಳಿದ ಪೆಟ್ಟಿಗೆಗಾಗಿ ನಾವು ಬಗ್ಗುತ್ತಿದ್ದೆವು. ತಲೆಗೆ ಅಡ್ಡಪಟ್ಟಿ ಬಡಿಯದಂತೆ ಕತ್ತು ತಗ್ಗಿಸಿ, ಎರಡೂ ಕೈ ಚಾಚಿ ಎಳೆಯಬೇಕು. ಪೆಟ್ಟಿಗೆಯ ಮೇಲೆ ಹನ್ನೆರಡು ಕಿಲೋ ಎಂದಿರುತ್ತದೆ. ಆ ಹನ್ನೆರಡು ಯಾರ ಸೊಂಟದ ಹನ್ನೆರಡು?

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯಾದ ನಿಯೋಷ್ 1991ರಲ್ಲಿ ಪರಿಷ್ಕರಿಸಿದ ಸೂತ್ರ ಇದಕ್ಕೆ ಉತ್ತರ ಕೊಡುತ್ತದೆ. ಎಲ್ಲವೂ ಅನುಕೂಲವಾಗಿದ್ದಾಗ ಒಬ್ಬರು ಎತ್ತಬಹುದಾದ ಮಿತಿ 23 ಕಿಲೋ. ಹೊರೆ ಕಣಕಾಲಿನಿಂದ 50 ಸೆಂಟಿಮೀಟರ್ ದೂರವಾದರೆ ಅಷ್ಟಕ್ಕೇ ಮಿತಿ ಅರ್ಧವಾಗುತ್ತದೆ, ಅಂದರೆ 11.5 ಕಿಲೋ. 63 ಸೆಂಟಿಮೀಟರ್ ದಾಟಿದರೆ ಸೂತ್ರದ ಉತ್ತರ ಸೊನ್ನೆ. ಬಗ್ಗುವುದು, ತಿರುಗುವುದು, ದಿನಕ್ಕೆ ನೂರಾರು ಸಲ ಎತ್ತುವುದು ಸೇರಿದರೆ ಇನ್ನೂ ಕಡಿಮೆ. ಯಂತ್ರಕ್ಕೂ ಬೆನ್ನಿಗೂ ನಿಯಮ ಒಂದೇ, ದೂರ ಹೆಚ್ಚಿದರೆ ಶಕ್ತಿ ಕುಗ್ಗುತ್ತದೆ. ಬೆನ್ನಿನ ಮೇಲೆ ಫಲಕ ಹೊಡೆದಿಲ್ಲ, ಅಷ್ಟೇ.

ಇದಕ್ಕೆ ಪರಿಹಾರ ದೊಡ್ಡದೇನಲ್ಲ. ಕೈಗಾಡಿಯಿಂದ ಪ್ಯಾಲೆಟ್ ಹೊರಗೆಳೆದು ತಿರುಗಿಸಿದರೆ ಆಚೆ ತುದಿ ಈಚೆ ಬರುತ್ತದೆ. ನಾನು ಹಾಗೆಯೇ ಮಾಡುತ್ತಿದ್ದೆ. ಆದರೆ ಕೈಯಲ್ಲಿದ್ದ ಸ್ಕ್ಯಾನರ್‌ಗೆ ಬಾರ್‌ಕೋಡ್ ಓದಿದ್ದು ಮಾತ್ರ ಕೆಲಸ. ಎರಡು ಓದುಗಳ ನಡುವಿನ ಹೊತ್ತು ಖಾಲಿ ಕೂತ ಹೊತ್ತು. ವಾರದ ಕೊನೆಗೆ ನನ್ನ ಹೆಸರು ಪಟ್ಟಿಯ ಕೆಳಗೆ ಬಂತು. ಮುಂದಿನ ವಾರ ನಾನೂ ಕೈ ಚಾಚಿದೆ. ಆಗ ಹಿಡಿದ ಬೆನ್ನುನೋವು ಇಂದಿಗೂ ಬೆಳಿಗ್ಗೆ ಏಳುವಾಗ ನನಗಿಂತ ಮೊದಲು ಏಳುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ 2022ರ ಜನವರಿಯಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ದೊಡ್ಡ ಗೋದಾಮುಗಳು ಕೆಲಸದ ಗುರಿಯನ್ನು ನೌಕರರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಊಟ, ವಿರಾಮ, ಶೌಚಕ್ಕೆ ಅಡ್ಡಿಯಾಗುವ ಗುರಿ ಇಡುವಂತಿಲ್ಲ. ಒಳ್ಳೆಯ ಹೆಜ್ಜೆ. ಶೌಚಕ್ಕೆ ಹೋಗಲು ಕಾನೂನು ಬೇಕಾಯಿತಲ್ಲ ಎಂದು ಸಂಕಟವೂ ಆಗುತ್ತದೆ.

ಗೋದಾಮು ನಡೆಸುವವರಲ್ಲಿ ನಾನು ಕೇಳುವುದು ಇಷ್ಟೇ: ಪ್ಯಾಲೆಟ್ ತಿರುಗಿಸುವ ಆ ಅರ್ಧ ನಿಮಿಷವನ್ನು ಕೆಲಸದ ಲೆಕ್ಕಕ್ಕೆ ಸೇರಿಸಿ. ಸ್ಕ್ಯಾನರ್‌ನಲ್ಲಿ ಅದಕ್ಕೊಂದು ಗುಂಡಿ ಇಡಿ.