ಡಿ400 ಬರಲಿ, ಆಮೇಲೆ ನೋಡೋಣ

ಮೈಸೂರಿನಲ್ಲಿ ಒಂದು ಹೊಸ ವ್ರತ ಶುರುವಾಗಿದೆ. ಉಪವಾಸ ಇಲ್ಲ, ಜಾಗರಣೆ ಮಾತ್ರ ಜಾಸ್ತಿ. ರಾತ್ರಿ ಹನ್ನೆರಡಾದರೂ ಮೊಬೈಲ್ ಹಿಡಿದು, ಜಪಾನಿನ ಯಾವ ಕಂಪನಿ ಯಾವ ಕ್ಯಾಮೆರಾ ಬಿಡುತ್ತದಂತೆ ಎಂದು ಹುಡುಕುತ್ತಾ ಕೂರಬೇಕು. ವ್ರತ ಹಿಡಿದವರು ಕ್ಯಾಮೆರಾ ಕೊಳ್ಳುವ ಹಾಗಿಲ್ಲ. ಕೊಂಡರೆ ವ್ರತಭಂಗ.

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋದರೆ ಈ ವ್ರತದವರು ಗುಂಪಾಗಿ ಸಿಗುತ್ತಾರೆ. ಹಿಂದೆ ನೀರಿಗೆ ಹೆಜ್ಜಾರ್ಲೆ ಇಳಿಯುತ್ತಿರುತ್ತದೆ. ಅದಕ್ಕೆ ಬೆನ್ನು ಹಾಕಿ ನಿಂತು, ಹಾರುವ ಹಕ್ಕಿಯ ಕಣ್ಣನ್ನೇ ಹುಡುಕಿ ಹಿಡಿಯುವ ಆಟೋಫೋಕಸ್ ಬಗ್ಗೆ ಇವರು ಮಾತಾಡುತ್ತಿರುತ್ತಾರೆ. ಹಕ್ಕಿ ಎದ್ದು ಹೋದದ್ದೂ ಗೊತ್ತಾಗುವುದಿಲ್ಲ.

ಈ ಗುಂಪಿಗೆಲ್ಲ ಹಿರಿಯರು ನಮ್ಮ ಭಾವ. ಸರಸ್ವತಿಪುರಂನಲ್ಲಿ ಮನೆ. ಕ್ಯಾಮೆರಾ ಬಗ್ಗೆ ಅವರಿಗೆ ಗೊತ್ತಿಲ್ಲದ ವಿಷಯ ಇಲ್ಲ. ಕ್ಯಾಮೆರಾ ಮಾತ್ರ ಇಲ್ಲ.

2007ರಲ್ಲಿ ನಿಕಾನ್ ಡಿ300 ಬಂತು. "ಮೊದಲನೇ ಲಾಟು, ಮುಟ್ಟಬಾರದು" ಅಂದರು ಭಾವ. 2009ರಲ್ಲಿ ಡಿ300ಎಸ್ ಬಂತು. "ಬರೀ ಒಂದು ಅಕ್ಷರ ಸೇರಿಸಿದ್ದಾರೆ ಅಷ್ಟೇ. ಡಿ400 ಬರಲಿ, ಆಮೇಲೆ ನೋಡೋಣ" ಅಂದರು. ಡಿ400 ಬರಲಿಲ್ಲ. ಭಾವ ಒಬ್ಬರೇ ಅಲ್ಲ, ಪ್ರಪಂಚದ ಅರ್ಧ ಹಕ್ಕಿ ಫೋಟೋಗ್ರಾಫರುಗಳು ಅದಕ್ಕಾಗಿ ಬಾಯಿ ಬಿಟ್ಟುಕೊಂಡು ಕಾದರು. 2016ರ ಜನವರಿಯಲ್ಲಿ ಕಂಪನಿಯವರು ನಾನೂರನ್ನು ಹಾರಿಸಿ ಸೀದಾ ಡಿ500 ತಂದರು. ಡಿ400 ಎಂಬ ಕ್ಯಾಮೆರಾ ಇವತ್ತಿಗೂ ಇಲ್ಲ. ಇಲ್ಲದ ಕ್ಯಾಮೆರಾದ ಗುಣದೋಷಗಳ ಬಗ್ಗೆ ಭಾವ ಇವತ್ತಿಗೂ ಗಂಟೆಗಟ್ಟಲೆ ಮಾತಾಡಬಲ್ಲರು.

ಸರಿ, ಡಿ500 ಬಂತಲ್ಲ, ಕಾದಿದ್ದು ಸಾರ್ಥಕವಾಯಿತಲ್ಲ ಅಂದೆ. "ಕನ್ನಡಿ ಇರೋ ಕ್ಯಾಮೆರಾಗೆ ಇನ್ನು ಕಾಲ ಇಲ್ಲ ಕಣಯ್ಯಾ. ಮಿರರ್‌ಲೆಸ್ ಬರಲಿ" ಅಂದರು. ತೊಂದರೆ ಏನೆಂದರೆ, ಆ ಮಾತು ನಿಜವಾಯಿತು! ಡಿ500ರ ನಂತರ ಆ ಸಾಲಿನಲ್ಲಿ ಇನ್ನೊಂದು ಡಿಎಸ್‌ಎಲ್‌ಆರ್, ಅಂದರೆ ಕನ್ನಡಿ ಇರುವ ಕ್ಯಾಮೆರಾ, ಬರಲೇ ಇಲ್ಲ. ಭಾವನಿಗೆ ಅಂದಿನಿಂದ ಜ್ಯೋತಿಷಿಯ ಕಳೆ ಬಂತು. ಕೆರೆ ಏರಿ ಮೇಲೆ ಜನ ಸಲಹೆ ಕೇಳಲು ಕ್ಯೂ ನಿಂತರು. ಯಾರು ಏನೇ ಕೇಳಿದರೂ ಸಲಹೆ ಒಂದೇ: ಸ್ವಲ್ಪ ತಡಿ.

2018ರಲ್ಲಿ ನಿಕಾನ್ ಝಡ್6 ಬಂತು. ಕನ್ನಡಿ ಇಲ್ಲ. ಆದರೆ ಕಾರ್ಡ್ ಹಾಕಲು ಒಂದೇ ಸ್ಲಾಟ್. ಭಾವ ಕೆಂಡವಾದರು. "ಒಂದೇ ಸ್ಲಾಟಾ? ಕಾರ್ಡ್ ಕೆಟ್ಟೋದ್ರೆ ಫೋಟೋಗಳ ಗತಿ ಏನು?" ಯಾವ ಫೋಟೋಗಳು ಎಂದು ಒಳಗಿನಿಂದ ಅಕ್ಕ ಕೇಳಿದಳು. ಅದಕ್ಕೆ ಉತ್ತರ ಬರಲಿಲ್ಲ. 2020ರಲ್ಲಿ ಎರಡು ಸ್ಲಾಟಿನ ಝಡ್6 II ಬಂತು. "ಸೆನ್ಸರ್ ಹಳೇದೇ ಇಟ್ಟಿದ್ದಾರೆ" ಅಂದರು. ಸೆನ್ಸರ್ ಅಂದರೆ ಫಿಲ್ಮಿನ ಜಾಗದಲ್ಲಿ ಕೂತು ಬೆಳಕು ಹಿಡಿಯುವ ಚಿಪ್. 2024ರಲ್ಲಿ ಝಡ್6 III ಬಂತು, ಹೊಸ ಸೆನ್ಸರ್, ಅದಕ್ಕೆ ಪಾರ್ಷಿಯಲಿ ಸ್ಟ್ಯಾಕ್ಡ್ ಎಂದು ಹೆಸರು. "ಪಾರ್ಷಿಯಲ್ ಅಂದ್ರೆ ಅರೆಬರೆ ತಾನೇ? ಪೂರ್ತಿ ಆಗಲಿ." ಪೂರ್ತಿ ಆಗಿರುವುದು 2023ರಲ್ಲೇ ಬಂದಿದೆಯಲ್ಲ ಭಾವ, ಝಡ್8 ಎಂದೆ. "ಅದು ದುಬಾರಿ. ಅದರ ಮುಂದಿನದು ಬಂದ್ರೆ ಇದು ಅಗ್ಗ ಆಗುತ್ತೆ."

ವರ್ಷಕ್ಕೆ ಆರು ಋತು ಎಂದು ನಾವು ಶಾಲೆಯಲ್ಲಿ ಓದಿದ್ದೆವು. ಈ ವ್ರತದವರಿಗೆ ನಾಲ್ಕೇ. ಮೊದಲು ವದಂತಿ ಕಾಲ: ಈಗ ಕೊಂಡವನು ದಡ್ಡ, ಹೊಸದು ಬರ್ತಾ ಇದೆ. ಆಮೇಲೆ ಬಿಡುಗಡೆ ಕಾಲ: ಈಗ ಕೊಂಡವನು ಇನ್ನೂ ದಡ್ಡ, ಮೊದಲ ಲಾಟಿನಲ್ಲಿ ಏನೇನು ತಕರಾರು ಇದೆಯೋ. ಅದು ಕಳೆದರೆ ಫರ್ಮ್‌ವೇರ್ ಕಾಲ: ಕ್ಯಾಮೆರಾ ಒಳಗಿನ ಸಾಫ್ಟ್‌ವೇರ್ ಬದಲಿಸಿ ತಕರಾರು ಸರಿ ಮಾಡ್ತಾ ಇದ್ದಾರೆ, ಹೇಗೂ ದೀಪಾವಳಿಗೆ ಬೆಲೆ ಇಳಿಯುತ್ತೆ, ಅಲ್ಲಿಯವರೆಗೆ ತಡಿ. ದೀಪಾವಳಿ ಬಂತು, ಬೆಲೆಯೂ ಇಳಿಯಿತು. ಈಗಲಾದರೂ? ಊಹೂಂ. ಬೆಲೆ ಯಾಕೆ ಇಳಿಸಿದರು ಹೇಳಿ? ಸ್ಟಾಕ್ ಖಾಲಿ ಮಾಡ್ತಿದ್ದಾರೆ. ಅಂದರೆ ಹೊಸದು ಬರ್ತಾ ಇದೆ! ಮತ್ತೆ ವದಂತಿ ಕಾಲ.

ಇವರ ಹತ್ತಿರ ಪುರಾವೆಗಳಿಗೇನೂ ಬರವಿಲ್ಲ. 2012ರಲ್ಲಿ ಬಂದ ನಿಕಾನ್ ಡಿ600ರ ಸೆನ್ಸರ್ ಮೇಲೆ ಎಣ್ಣೆ, ಧೂಳಿನ ಚುಕ್ಕೆ ಕೂರುತ್ತಿದ್ದವು. ಮರುವರ್ಷವೇ ಹೊಸ ಷಟರ್ ಹಾಕಿ ಡಿ610 ಎಂದು ಬಿಟ್ಟರು. ಈ ಕಥೆಯನ್ನು ಭಾವ ಶನಿಮಹಾತ್ಮೆ ಓದಿದಷ್ಟು ಭಕ್ತಿಯಿಂದ ಹೇಳುತ್ತಾರೆ. 2018ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಡಿಜಿಟಲ್ ಕ್ಯಾಮೆರಾ ಮೇಲಿನ ತೆರಿಗೆಯನ್ನು ಶೇ 28ರಿಂದ ಶೇ 18ಕ್ಕೆ ಇಳಿಸಿದಾಗಲಂತೂ ಮನೆಗೆ ಮೈಸೂರು ಪಾಕ್ ಬಂತು. "ನೋಡಿದ್ಯಾ? ಕಾದಿದ್ದಕ್ಕೆ ಎಷ್ಟು ಉಳೀತು!" ಉಳಿದಿದೆ ಎನ್ನಬೇಕಾದರೆ ಏನಾದರೂ ಕೊಂಡಿರಬೇಕಲ್ವಾ ಎಂದು ಕೇಳುವ ಮನಸ್ಸಾಯಿತು. ಬಾಯಲ್ಲಿ ಮೈಸೂರು ಪಾಕ್ ಇತ್ತು, ಸುಮ್ಮನಾದೆ.

ಆದರೆ ಫ್ಯೂಜಿಫಿಲ್ಮಿನವರ ಎಕ್ಸ್100ವಿ ಕಥೆಯನ್ನು ಮಾತ್ರ ಭಾವ ಎತ್ತುವುದಿಲ್ಲ. 2020ರಲ್ಲಿ ಬಂದ ಪುಟ್ಟ ಕ್ಯಾಮೆರಾ. ಆಮೇಲೆ ನೋಡೋಣ ಎಂದು ಬಿಟ್ಟವರು ಒಂದೆರಡು ವರ್ಷ ಬಿಟ್ಟು ಬಂದು ನೋಡಿದರೆ ಅಂಗಡಿಯಲ್ಲಿ ಸ್ಟಾಕೇ ಇಲ್ಲ. ಪಡ್ಡೆ ಹುಡುಗರ ರೀಲ್ಸ್ ಕೃಪೆಯಿಂದ ಸೆಕೆಂಡ್ ಹ್ಯಾಂಡ್ ಬೆಲೆ ಹೊಸದರ ಬೆಲೆಯನ್ನೂ ಮೀರಿತು. 2024ರಲ್ಲಿ ಅದರ ಮುಂದಿನ ಮಾಡೆಲ್ ಬಂತು, ಮೊದಲಿನದಕ್ಕಿಂತ ಜಾಸ್ತಿ ಬೆಲೆಗೆ. ಅದಕ್ಕೂ ತಿಂಗಳುಗಟ್ಟಲೆ ಕ್ಯೂ. ಇಲ್ಲಿ ಕಾದವರಿಗೆ ಸಿಕ್ಕ ಫಲ ಇನ್ನಷ್ಟು ಕಾಯುವ ಭಾಗ್ಯ.

ಇನ್ನು ಕಂಪನಿಯವರು. ಈ ಭಕ್ತರ ನಾಡಿ ಅವರಿಗೆ ಚೆನ್ನಾಗಿ ಗೊತ್ತು. ಈಗೀಗ ಕ್ಯಾಮೆರಾ ಬಿಡುವ ಮೊದಲು, 'ನಾವೊಂದು ಕ್ಯಾಮೆರಾ ತಯಾರು ಮಾಡುತ್ತಿದ್ದೇವೆ' ಎಂದೇ ಒಂದು ಪ್ರಕಟಣೆ ಹೊರಡಿಸುತ್ತಾರೆ. ನಮ್ಮ ಕಡೆಯ ಗುದ್ದಲಿ ಪೂಜೆ ಇದ್ದ ಹಾಗೆ. ಕ್ಯಾನನ್ ಆರ್5ಗೆ 2020ರ ಫೆಬ್ರವರಿಯಲ್ಲಿ ಪೂಜೆ ಆಯಿತು, ಜುಲೈಗೆ ಕ್ಯಾಮೆರಾ ಎದುರಿಗಿತ್ತು. ನಿಕಾನ್ ಝಡ್9ಗೆ 2021ರ ಮಾರ್ಚಿನಲ್ಲಿ ಪೂಜೆ, ಅಕ್ಟೋಬರಿಗೆ ಬಿಡುಗಡೆ. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದ ಮೇಲೆ, ಉಳಿದದ್ದನ್ನು ಕೆಡವಬೇಕೋ ರಿಪೇರಿ ಮಾಡಬೇಕೋ ಎಂದು ವರ್ಷಗಟ್ಟಲೆ ಚರ್ಚೆ ಮಾಡಿದ ಊರು ನಮ್ಮದು. ಏಳು ತಿಂಗಳಲ್ಲಿ ಕೆಲಸ ಮುಗಿಸುವ ಜಪಾನಿನವರ ಅವಸರ ಭಾವನಿಗೆ ಸರಿ ಕಾಣುವುದಿಲ್ಲ. "ಇಷ್ಟು ಬೇಗ ಬಿಟ್ರೆ ಏನೋ ಎಡವಟ್ಟು ಇರುತ್ತೆ" ಅನ್ನುತ್ತಾರೆ.

ಹೊಸದು ಬಂದಾಗ ಹಳೆಯದು ಅಗ್ಗವಾಗುತ್ತದಲ್ಲ, ಅದನ್ನೇ ತಗೊಳ್ಳಿ ಎಂದು ನಾನೂ ಹೇಳಿ ನೋಡಿದೆ. ನಿನ್ನೆಯವರೆಗೆ ಒಳ್ಳೆ ಫೋಟೋ ಕೊಡುತ್ತಿದ್ದ ಕ್ಯಾಮೆರಾ ಇವತ್ತು ಬೆಳಿಗ್ಗೆ ಕುರುಡಾಗುವುದಿಲ್ಲ. ಉಳಿದ ದುಡ್ಡಿಗೆ ಒಂದು ಉದ್ದದ ಲೆನ್ಸ್ ಹಾಕಿಸಿಕೊಂಡರೆ ರಂಗನತಿಟ್ಟಿನ ದೋಣಿಯಲ್ಲಿ ಕೂತಾಗ ಕೆಲಸಕ್ಕೆ ಬರುವುದು ಅದೇ. ಭಾವ ನನ್ನನ್ನು ಕನಿಕರದಿಂದ ನೋಡಿದರು. "ಹಳೇದಾ? ಅದನ್ನ ಕಂಪನಿಯವರೇ ನಿಲ್ಲಿಸಿದ್ದಾರೆ ಕಣಯ್ಯಾ."

ಒಂದು ಭಾನುವಾರ ಸಂಜೆ ಇವರ ಗುಂಪಿನ ಜೊತೆ ಅರಮನೆಗೆ ಹೋಗಿದ್ದೆ. ಏಳು ಗಂಟೆಗೆ ದೀಪ ಹತ್ತಿತು. ಸುಮಾರು ಒಂದು ಲಕ್ಷ ಬಲ್ಬು. ಅಲ್ಲಿ ನಿಂತು ಇವರು ಚರ್ಚಿಸಿದ ವಿಷಯ: ಕಡಿಮೆ ಬೆಳಕಿನಲ್ಲಿ ಯಾವ ಸೆನ್ಸರ್ ಒಳ್ಳೆಯದು! ಪಕ್ಕದಲ್ಲಿ ಬಲೂನು ಹಿಡಿದಿದ್ದ ಹುಡುಗಿಯೊಬ್ಬಳು ಅಪ್ಪನ ಮೊಬೈಲ್ ಕಿತ್ತುಕೊಂಡು ಫೋಟೋ ಹೊಡೆದು, ಮುಗೀತು ಬನ್ನಿ ಅಂದಳು. ದೀಪ ಆರುವ ಹೊತ್ತಿಗೆ ಇವರು ಇನ್ನೂ ಐಎಸ್ಒ 6400 ಎಂಬ, ಕತ್ತಲಿಗೆ ಇಡುವ ಸೆಟ್ಟಿಂಗ್ ಚರ್ಚೆಯಲ್ಲೇ ಇದ್ದರು.

ಟಿ.ಎಸ್. ಸತ್ಯನ್ ಇದೇ ಊರಿನವರು. ಫಿಲ್ಮ್ ರೋಲು ಹಾಕಿ ದೇಶ ಸುತ್ತಿ ಫೋಟೋ ತೆಗೆದರು, 1977ರಲ್ಲಿ ಪದ್ಮಶ್ರೀ ಬಂತು. ಅವರ ಫೋಟೋಗಳನ್ನು ಒಮ್ಮೆ ಭಾವನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಇದಕ್ಕೆ ಐ ಆಟೋಫೋಕಸ್ ಇದ್ದಿದ್ರೆ!" ಅಂದರು.

ಮಂಡ್ಯ ಕಡೆಯ ಒಬ್ಬ ಮದುವೆ ಫೋಟೋಗ್ರಾಫರ್ ನನಗೆ ಪರಿಚಯ. ಕಂತಿನ ಮೇಲೆ ಕ್ಯಾಮೆರಾ ತಂದು, ಕಂತು ತೀರುವುದರೊಳಗೆ ಅದರ ದುಡ್ಡು ಎತ್ತಿಬಿಡುವವನು. ಭಾವನ ಸಿದ್ಧಾಂತವನ್ನು ಅವನಿಗೆ ವಿವರಿಸಿದೆ. ಕೇಳಿ ನಕ್ಕ. "ಅಯ್ಯೋ ಬುಡಿ ಸಾ. ತಾಳಿ ಕಟ್ಟೋ ಟೇಮಲ್ಲಿ, ಫರ್ಮ್‌ವೇರ್ ಬತ್ತದೆ ತಡ್ಕಳಿ ಅನ್ನಕ್ಕಾಯ್ತದಾ?" ಆ ಮಾತನ್ನು ಭಾವನಿಗೆ ತಲುಪಿಸಿದೆ. "ಅವನು ಪ್ರೊಫೆಷನಲ್, ಅವನಿಗೆ ಯಾವ್ದಾದ್ರೂ ನಡೆಯುತ್ತೆ. ನಾವು ಹವ್ಯಾಸಿಗಳು, ನಮಗೆ ಕ್ವಾಲಿಟಿ ಮುಖ್ಯ" ಅಂದರು.

ಕಬಿನಿಯ ಕಾಡಿನಲ್ಲಿ ಕರಿಚಿರತೆಗಾಗಿ ದಿನಗಟ್ಟಲೆ ಕಾಯುವವರಿದ್ದಾರೆ. ಅವರನ್ನು ತೋರಿಸಿ, ನಾವೂ ಹಾಗೇ ಎನ್ನುತ್ತಾರೆ ವ್ರತದವರು. ಅವರು ಕ್ಯಾಮೆರಾ ಹಿಡಿದುಕೊಂಡು ಕಾಯುತ್ತಾರೆ ಎಂಬ ಸಣ್ಣ ವ್ಯತ್ಯಾಸ ಒಂದಿದೆ.

ಇವರೆಲ್ಲ ಕಾಯುವಾಗ ಎದುರಿಗಿರುವುದು ಅಲ್ಲೇ ನಿಂತಿರುತ್ತದೆಯೇ? ಜಂಬೂ ಸವಾರಿಯನ್ನೇ ನೋಡಿ. 750 ಕೆಜಿ ಅಂಬಾರಿಯನ್ನು 1999ರಿಂದ 2011ರವರೆಗೆ ಬಲರಾಮ ಹೊತ್ತ. 2012ರಿಂದ 2019ರವರೆಗೆ ಅರ್ಜುನ ಹೊತ್ತ. ಅರ್ಜುನ ಶುರು ಮಾಡಿದ ವರ್ಷ ಕ್ಯಾನನ್ 5ಡಿ ಮಾರ್ಕ್ 3 ಬಂತು, ನಡುವೆ 2016ರಲ್ಲಿ ಮಾರ್ಕ್ 4 ಬಂತು. ಭಾವ ಮಾರ್ಕ್ 5ಕ್ಕೆ ಕಾದರು. ಅದು ಬರಲಿಲ್ಲ. ಅರವತ್ತು ದಾಟಿದ ಆನೆಗೆ ಭಾರ ಹೊರಿಸಬಾರದೆಂದು ಅರ್ಜುನನಿಗೆ ವಿಶ್ರಾಂತಿ ಕೊಟ್ಟರು. 2023ರ ಮೇ ತಿಂಗಳಲ್ಲಿ ಬಲರಾಮ ಹೋದ. ಅದೇ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಜೊತೆ ಕಾದಾಡಿ ಅರ್ಜುನನೂ ಹೋದ. ಪೇಪರಿನಲ್ಲಿ ಫೋಟೋ ನೋಡಿ ಅಕ್ಕ ಕಣ್ಣೊರೆಸಿಕೊಂಡಳು. ಎಂಟು ದಸರಾ ಕಣ್ಣೆದುರೇ ಹೋಯಿತು, ನಮ್ಮ ಮನೆಯಲ್ಲಿ ಅವನದೊಂದು ಫೋಟೋ ಇಲ್ಲ ಅಂದಳು.

ಅರಣ್ಯ ಇಲಾಖೆಯವರು ಇದ್ದ ಆನೆಯಲ್ಲಿ ಒಳ್ಳೆಯದನ್ನು ಆರಿಸಿ ಅಂಬಾರಿ ಕಟ್ಟಿ ಕಳಿಸುತ್ತಾರೆ. ಮುಂದಿನ ಆನೆ ಇನ್ನೂ ಚೆನ್ನಾಗಿರುತ್ತಂತೆ ಎಂದು ವಿಜಯದಶಮಿಯನ್ನು ಮುಂದಕ್ಕೆ ಹಾಕಿದ್ದನ್ನು ನಾನಂತೂ ಕೇಳಿಲ್ಲ. 2020ರಿಂದ ಅಭಿಮನ್ಯು ಹೊರುತ್ತಿದ್ದಾನೆ.

ನನ್ನ ಹಳೇ ಕ್ಯಾಮೆರಾ ಕೊಡುತ್ತೇನೆ, ಅಭಿಮನ್ಯುವಿನದಾದರೂ ಒಂದು ಫೋಟೋ ತೆಗೆಯಿರಿ ಭಾವ ಎಂದು ಗೋಗರೆದೆ. ಭಾವ ಕನ್ನಡಕ ಸರಿ ಮಾಡಿಕೊಂಡರು.

"ಅವನಿಗೂ ಅರವತ್ತು ಹತ್ರ ಬಂತಲ್ಲಯ್ಯಾ. ಹೊಸ ಆನೆಗೆ ಟ್ರೈನಿಂಗ್ ಕೊಡ್ತಿದ್ದಾರಂತೆ. ಅದು ಬಂದ ಮೇಲೆ ತೆಗೆದ್ರಾಯ್ತು."