ನೋಡ್ ಅಂದ ಮೇಲೆ ನೋಡಬೇಕಲ್ವಾ?

ಕಳೆದ ಮಳೆಗಾಲದ ಒಂದು ಬೆಳಿಗ್ಗೆ. ಕದ್ರಿಯ ನಮ್ಮ ಮನೆಯಲ್ಲಿ ಕರೆಂಟ್ ಎರಡು ಸಲ ಹೋಗಿ ಬಂದಿತ್ತು. ಒಬ್ಬ ಕಂಪೋಸಿಟರ್ (ಚಿತ್ರದ ಪದರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಒಂದೇ ದೃಶ್ಯ ಮಾಡುವವ) ಗೆಳೆಯನ ಫೋನ್. "ಎಂತ ಮಾರಾಯ, ನಿನ್ನ ಟೂಲ್ ಎಲ್ಲ ಸರಿ ಉಂಟು ಅಂತ ಹೇಳಿತು. ರಾತ್ರಿಯಿಡೀ ರೆಂಡರ್ ಆಗಿ ನಡುವೆ 12 ಫ್ರೇಮ್ ಕಪ್ಪು!"

ಆ ಜೋಡಣೆಗೆ ಬಳಸುವ ನ್ಯೂಕ್ ಎಂಬ ಸಾಫ್ಟ್‌ವೇರಿಗೆ ನಾನು ಪೈಥಾನ್‌ನಲ್ಲಿ ಬರೆದುಕೊಟ್ಟ ಸಣ್ಣ ಟೂಲ್ ಅದು. ನ್ಯೂಕ್‌ನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ನೋಡ್ ಅನ್ನುವ ಡಬ್ಬಿ; ಚಿತ್ರದ ಫೈಲ್ ಓದುವುದು ರೀಡ್ ನೋಡ್. ರೆಂಡರ್‌ಗೆ (ಅಂತಿಮ ಚಿತ್ರ ತಯಾರಿಸುವುದಕ್ಕೆ) ಮೊದಲು ಪ್ರತಿ ರೀಡ್ ನೋಡ್‌ನ ಫೈಲುಗಳು ಡಿಸ್ಕ್‌ನಲ್ಲಿ ಇವೆಯಾ ಅಂತ ನೋಡುವುದಷ್ಟೇ ಅದರ ಕೆಲಸ. ತಪ್ಪು ಸಿಗಲು ಒಂದು ಗಂಟೆ ಬೇಕಾಯಿತು. ಅವನು ಒಂದು ರೀಡನ್ನು ಗ್ರೂಪ್ (ಹಲವು ನೋಡ್ ತುಂಬಿಸಿಡುವ ನೋಡ್) ಒಳಗೆ ಇಟ್ಟಿದ್ದ. ಎಲ್ಲ ನೋಡ್ ಕೊಡು ಅನ್ನುವ ಆಲ್‌ನೋಡ್ಸ್ ಫಂಕ್ಷನ್ನನ್ನು ಸುಮ್ನೆ ಕರೆದರೆ ಗ್ರೂಪಿನ ಒಳಗಿನದ್ದು ಬರುವುದಿಲ್ಲ, ರಿಕರ್ಸ್‌ಗ್ರೂಪ್ಸ್ ಅಂತ ಬೇರೆಯೇ ಹೇಳಬೇಕು. ಆ ರೀಡ್‌ನಲ್ಲಿ ಫ್ರೇಮ್ ಸಿಗದಿದ್ದರೆ ಕಪ್ಪು ತೋರಿಸು ಅಂತ ಬೇರೆ ಸೆಟ್ ಆಗಿತ್ತು. ಹಾಗಾಗಿ ನ್ಯೂಕ್ ಕೂಡ ನಿಲ್ಲಲಿಲ್ಲ.

ನನಗೆ ಬೇಜಾರಾದದ್ದು ಗ್ರೂಪ್ ಮರೆತದ್ದಕ್ಕಲ್ಲ. ತಾನು ನೋಡದೇ ಬಿಟ್ಟದ್ದಕ್ಕೂ ನನ್ನ ಟೂಲ್ "ಸರಿ ಉಂಟು" ಅಂದಿತ್ತಲ್ಲ, ಅದಕ್ಕೆ. ಬಂದರಿನಲ್ಲಿ ಬಂಗುಡೆ ತಗೊಳ್ಳುವಾಗ ಕಿವಿರು ಎತ್ತಿ ನೋಡದೆ ದುಡ್ಡು ಕೊಡುವವರು ಯಾರಿದ್ದಾರೆ? ಕೋಡ್ ಬರೆಯುವಾಗ ಮಾತ್ರ ನಮಗೆ ಭಾರೀ ನಂಬಿಕೆ.

ನ್ಯೂಕ್‌ನಲ್ಲಿ ಒಂದೊಂದು ಬಾಗಿಲಿಗೆ ಒಂದೊಂದು ಸ್ವಭಾವ. ಏನೂ ಆಯ್ಕೆ ಮಾಡದೆ ಸೆಲೆಕ್ಟೆಡ್‌ನೋಡ್ ಕೇಳಿದರೆ ಎರರ್ ಕೊಡುತ್ತದೆ. ಇಲ್ಲದ ಹೆಸರನ್ನು, ಹೆಸರಿನಿಂದ ನೋಡ್ ಹುಡುಕುವ ಟುನೋಡ್‌ಗೆ ಕೊಟ್ಟರೆ ತಣ್ಣಗೆ ನನ್ (ಅಂದರೆ ಏನೂ ಇಲ್ಲ) ಅಂತ ಕೊಟ್ಟು ಕೂರುತ್ತದೆ. ನಾಬ್ (ನೋಡ್‌ನ ಒಂದೊಂದು ಸೆಟ್ಟಿಂಗ್) ಕೂಡ ಹಾಗೆಯೇ. ಇಲ್ಲದ ನಾಬನ್ನು ಚೌಕ ಆವರಣದಲ್ಲಿ ಕೇಳಿದರೆ ಎರರ್, ನಾಬ್ ಫಂಕ್ಷನ್‌ನಲ್ಲಿ ಕೇಳಿದರೆ ಮೌನ. ಫೈಲ್ ನಾಬ್‌ನ ವ್ಯಾಲ್ಯೂ ಕೇಳಿದರೆ ಫ್ರೇಮ್ ನಂಬರಿನ ಜಾಗದಲ್ಲಿ ಪರ್ಸೆಂಟ್ ಗುರುತಿರುವ ಪಾತ್ ಬರುತ್ತದೆ. ಅದನ್ನು ಡಿಸ್ಕ್‌ನಲ್ಲಿ ಹುಡುಕಿದರೆ ಎಲ್ಲಿಂದ ಸಿಗಬೇಕು? ಆ ಫ್ರೇಮಿನ ನಿಜವಾದ ಪಾತ್ ಬೇಕಿದ್ದರೆ ಇವ್ಯಾಲ್ಯುಯೇಟ್ ಮಾಡಬೇಕು.

ಈ ಎರರ್‌ಗಳ ಕಿರಿಕಿರಿ ತಪ್ಪಿಸಲು ನಾವು ಎಂತ ಮಾಡುತ್ತೇವೆ? ಟ್ರೈ, ಎಕ್ಸೆಪ್ಟ್, ಪಾಸ್. ಅಂದರೆ ಎರರ್ ಬಂದರೂ ಸುಮ್ಮನೆ ಮುಂದೆ ಹೋಗು. ನನ್ನ ಹಳೆಯ ಕೋಡ್‌ನಲ್ಲಿ ಇಂಥದ್ದು ನಾಲ್ಕು ಕಡೆ ಸಿಕ್ಕಿತು. ನಾಚಿಕೆಯಾಯಿತು.

ಸಿ ಪ್ಲಸ್ ಪ್ಲಸ್‌ನಲ್ಲಿ ನ್ಯೂಕ್‌ಗೆ ಪ್ಲಗಿನ್ ಬರೆದವರಿಗೆ ಗೊತ್ತು, ಅಲ್ಲಿ ಇದಕ್ಕೆಂದೇ ವ್ಯಾಲಿಡೇಟ್ ಅಂತ ಒಂದು ಹಂತ ಉಂಟು. ಪಿಕ್ಸೆಲ್ ಮುಟ್ಟುವ ಮೊದಲೇ ಅಳತೆ, ಚಾನೆಲ್, ಬೌಂಡಿಂಗ್ ಬಾಕ್ಸ್ (ಚಿತ್ರ ಇರುವಷ್ಟು ಚೌಕ) ಎಲ್ಲ ಅಲ್ಲಿ ತೀರ್ಮಾನವಾಗಬೇಕು. ಆಮೇಲೆ ಎಂಜಿನ್ ಫಂಕ್ಷನ್ ಹಲವು ಥ್ರೆಡ್‌ಗಳಲ್ಲಿ (ಒಟ್ಟೊಟ್ಟಿಗೆ ನಡೆಯುವ ಕೆಲಸದ ಎಳೆಗಳಲ್ಲಿ) ಸಾಲು ಸಾಲಾಗಿ ಓಡುತ್ತದೆ. ಇನ್‌ಪುಟ್ ಸರಿ ಇದೆಯಾ ಅಂತ ಅಲ್ಲಿ ಪ್ರತಿ ಸಾಲಿಗೂ ಕೇಳುತ್ತಾ ಕೂರುವವರನ್ನು ನೋಡಿದ್ದೇನೆ. ಊಟಕ್ಕೆ ಕೂತ ಮೇಲೆ ಅಕ್ಕಿ ಆರಿಸಿದ ಹಾಗೆ.

ಈಗ ನನ್ನ ಟೂಲ್ "47 ರೀಡ್ ಇವೆ, 46 ನೋಡಿದೆ, ಒಂದನ್ನು ಓದಲು ಆಗಲಿಲ್ಲ" ಅಂತ ನೋಡ್‌ನ ಹೆಸರು ಸಮೇತ ಹೇಳುತ್ತದೆ. ಆ ಒಂದು ಇರುವವರೆಗೆ ರೆಂಡರ್ ಬಟನ್ ಒತ್ತಲಿಕ್ಕೇ ಆಗುವುದಿಲ್ಲ. ಮೊನ್ನೆ ಅದೇ ಗೆಳೆಯ ಮತ್ತೆ ಫೋನ್ ಮಾಡಿದ. "ನಿನ್ನ ಟೂಲ್‌ನ ಬಾಯಿ ಸ್ವಲ್ಪ ಜಾಸ್ತಿ ಆಯ್ತು ಮಾರಾಯ, ಒಂದು ಆಫ್ ಬಟನ್ ಕೊಡು."

ಕೊಟ್ಟಿಲ್ಲ.